ಕುದುರೆ ಬಾಲಕ್ಕೆ ಕುಸುಬಿ ಎಣ್ಣೆ

ಕಮಲಾಪುರದ ಕೂಸುಗಳು ತಾಯಿಯ ಮುಖಕ್ಕಿಂತ ಮೊದಲು ಮಾಳಮ್ಮನ ಅಂಗೈ ನೋಡುತ್ತವೆ ಎಂದು ಊರವರು ನಗುತ್ತಿದ್ದರು. ಅದು ಪೂರ್ತಿ ಸುಳ್ಳೇನೂ ಅಲ್ಲ. ಬಾಣಂತಿಯರಿಗೆ ನೀರು ಹಾಕುವುದು, ಕೂಸನ್ನು ಚಾಚಿದ ಕಾಲ ಮೇಲೆ ಬೋರಲು ಮಲಗಿಸಿಕೊಂಡು ಮೈಗೆ ಎಣ್ಣೆ ತಿಕ್ಕುವುದು, ನೆತ್ತಿಗೆ ಎಣ್ಣೆ ಒತ್ತಿ ಬಿಸಿನೀರು ಎರೆದು ಧೂಪದ ಹೊಗೆ ಕೊಟ್ಟು ಮಲಗಿಸುವುದು ಅವಳ ಕಸುಬು. ಸ್ವಂತಕ್ಕೆ ಮಕ್ಕಳಾಗಲಿಲ್ಲ. ಗಂಡ ಪ್ಲೇಗಿನಲ್ಲಿ ಹೋದ. ಉಳಿದದ್ದು ಒಂದು ಹಿತ್ತಾಳೆ ಬಟ್ಟಲು, ಅದರ ತುಂಬ ಕುಸುಬಿ ಎಣ್ಣೆ, ಮತ್ತೆ ಊರು ಕೊಟ್ಟ ಒಂದು ಹೆಸರು: ಮಾಳಮ್ಮನ ಕೈಗುಣ ಒಳ್ಳೆಯದು, ಅವಳ ಕೈ ಹತ್ತಿದರೆ ಎಂಥ ಅಳುವ ಕೂಸೂ ಸುಮ್ಮನಾಗುತ್ತದೆ. ಕೈಗುಣ ಅಂದರೆ ಹುಡುಗಾಟವಲ್ಲ. ಅದು ಇದೆ ಅನ್ನುವ ತನಕ ಊರ ಬಚ್ಚಲೆಲ್ಲ ನಿಮ್ಮದು. ಹೋಯಿತು ಎಂದು ಒಬ್ಬಳು ಬಾಯಿ ಬಿಟ್ಟರೆ ಸಾಕು, ಮರುದಿನದಿಂದ ಯಾರೂ ತಮ್ಮ ಹಸುಗೂಸನ್ನು ನಿಮ್ಮ ಕಾಲ ಮೇಲೆ ಹಾಕುವುದಿಲ್ಲ.

ಮಾಳಮ್ಮನಿಗೆ ಈ ಲೋಕದಲ್ಲಿ ಸಹಿಸಲಾಗದ ಸಂಗತಿ ಒಂದೇ, ಎಣ್ಣೆ ಕಾಣದ ತಲೆ. ಸಂತೆಯಲ್ಲಿ ಯಾರದಾದರೂ ಒಣಗೂದಲು ಕಂಡರೆ ತಡೆದು ನಿಲ್ಲಿಸಿ, “ಯಾಕಪ್ಪಾ, ಮನ್ಯಾಗ ಯಾರೂ ಇಲ್ಲೇನು ನಿನಗ? ತಲಿ ಹಿಂಗ್ಯಾಕ ಬಿಟ್ಟಿ?” ಎಂದು ಕೇಳುವವಳೇ. ನಿಜಾಮ ಸರಕಾರದ ಚೌಕಿಯ ಜವಾನನನ್ನೂ ಒಮ್ಮೆ ಕಟ್ಟೆಗೆ ಕೂಡಿಸಿ, ಅವನು ಬೇಡ ಬೇಡ ಅನ್ನುತ್ತಿದ್ದರೂ ಎಣ್ಣೆ ಹಚ್ಚಿ ಕಳಿಸಿದ್ದಳು. ಪಾದ್ರಿ ಸಾಹೇಬರ ತಲೆಗೆ ಮಾತ್ರ ಅವಳು ಸೋತಿದ್ದಳು. ಅಲ್ಲಿ ಕೂದಲೇ ಇರಲಿಲ್ಲ.

ಈ ಪಾದ್ರಿ ಸಾಹೇಬರ ಚರ್ಚು ಊರ ಹೊರಗಿನ ದಿಬ್ಬದ ಮೇಲೆ ಇತ್ತು. ಕರಿಕಲ್ಲಿನ ಹಳೆಯ ಕಟ್ಟಡ. ಸುಲ್ತಾನರ ಫೌಜಿನಲ್ಲಿ ತೋಪು ಹಾರಿಸುತ್ತಿದ್ದ ಯಾವನೋ ಫಿರಂಗಿಯವನು ತನ್ನ ದೇವರಿಗೆಂದು ಕಟ್ಟಿಸಿದ ಎಂದು ಕೆಲವರು ಹೇಳುತ್ತಿದ್ದರು. ಕಂಡವರು ಯಾರೂ ಇಲ್ಲ. ಊರಿಗೆ ಅದು ‘ಪಾದ್ರಿಗುಡಿ’. ಗಂಡ ಸತ್ತ ವರ್ಷ ಪಾದ್ರಿಗಳು ಮಾಳಮ್ಮನನ್ನು ಅಲ್ಲಿ ಕಸ ಹೊಡೆಯಲು ಹಚ್ಚಿದರು. ಅವಳು ಕಸ ಹೊಡೆದು ಏಸುಸ್ವಾಮಿಗೂ ಕೈ ಮುಗಿದು, ಮನೆಗೆ ಬಂದು ತನ್ನ ಮನೆದೇವರಿಗೂ ಕೈ ಮುಗಿಯುತ್ತಿದ್ದಳು. ಇಬ್ಬರೂ ಈವರೆಗೆ ತಕರಾರು ತೆಗೆದಿರಲಿಲ್ಲ.

ಒಂದು ಬೇಸಿಗೆಯಲ್ಲಿ ಪಾದ್ರಿಗಳು ಕಲಬುರಗಿಯಿಂದ ನರಸಿಂಗರಾಯರನ್ನು ಕರೆಸಿದರು. ರಾಯರು ವೈಷ್ಣವರು, ಬ್ರಹ್ಮಪುರದ ಓಣಿಯವರು, ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ. ಹೊಟ್ಟೆಪಾಡಿಗೆ ಕಚೇರಿಯಲ್ಲಿ ಕಾರಕೂನಿಕೆ, ಜೀವಕ್ಕೆ ಪಿಟೀಲು. ಆದರೆ ಪಿಟೀಲಿನದು ಯಾವಾಗಲೂ ಹಾಡುವವರ ಹಿಂದೆ ಕೂಡುವ ಬಾಳು. ಹಾಡುವವ ಕೆಮ್ಮಿದಾಗ ಸಿಕ್ಕ ಸಂದಿಯಲ್ಲಿ ನಾಲ್ಕು ಸ್ವರ ನುಡಿಸಬೇಕು, ಅಷ್ಟೇ. ಒಂದೇ ಪಿಟೀಲು, ಒಬ್ಬನೇ ಮನುಷ್ಯ, ಮುಂದೆ ಹಾಡುವವರಿಲ್ಲ ಅಂದರೆ ಕಲಬುರಗಿಯ ಸಂಗೀತದ ಬೈಠಕ್ಕಿನ ರಸಿಕರು ನಗುತ್ತಿದ್ದರು. ಪಾದ್ರಿಗಳು ನಗಲಿಲ್ಲ. “ನಮ್ಮ ಕಲ್ಲಿನ ಗುಡ್ಯಾಗ ನೀವೊಬ್ಬರ ನುಡಸ್ರಿ ರಾಯರೇ. ಕೇಳಲಿಕ್ಕೆ ಮಂದಿ ನಾ ಕರೀತೀನಿ,” ಅಂದರು. ಚರ್ಚಿನೊಳಗೆ ಕಾಲಿಟ್ಟದ್ದಕ್ಕೆ ಓಣಿಯಲ್ಲಿ ಯಾರು ಏನು ಅಂದಾರು ಅನ್ನುವುದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ರಾಯರು ಬಂದೇಬಿಟ್ಟರು.

ಬಂದ ಸಂಜೆಯೇ ಜಮಖಾನದ ಮೇಲೆ ಕೂತು ಕೈ ಪಳಗಿಸಿಕೊಂಡರು. ಮಾಳಮ್ಮ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಳು. ಕಮಾನು ತಂತಿಯ ಮೇಲೆ ಎಳೆದ ಕೂಡಲೇ ಕಲ್ಲುಗೋಡೆ ಒಳಗಿನಿಂದ ದನಿ ತೆಗೆದಂತಾಯಿತು. ಅವಳು ಎರೆದು ಮಲಗಿಸಿದ ಕೂಸುಗಳೆಲ್ಲ ನಿದ್ದೆಯಲ್ಲಿ ನಗುತ್ತವಲ್ಲ, ಆ ನಗೆಗೆ ದನಿಯಿದ್ದರೆ ಹೀಗೇ ಇರುತ್ತಿತ್ತು ಅನ್ನಿಸಿತು ಅವಳಿಗೆ. ಕಣ್ಣಲ್ಲಿ ನೀರು ಬಂತು. ಯಾಕೆ ಬಂತೋ ತಿಳಿಯಲಿಲ್ಲ.

ನುಡಿಸುವುದು ಮುಗಿದ ಮೇಲೆ ರಾಯರು ಪಾದ್ರಿಗಳಿಗೆ ಕಮಾನು ತೋರಿಸಿದರು. “ನಮ್ಮ ದರ್ಗಾದ ಕಡಿ ರೋಜಾ ಓಣಿ ಚಾಂದಪಾಶಾ ಇದಕ್ಕಂತನ ಹೊಸಾ ಕೂದಲಾ ಕಟ್ಯಾನ್ರೀ. ಬಿಳಿ ಕುದುರಿ ಬಾಲದ್ದು. ಅಂಟವಾಳಕಾಯಿ ನೀರಾಗ ತೊಳದು, ನೆರಳಾಗ ಒಣಗಿಸಿ, ಒಂದೊಂದ ಎಳಿ ಆರಿಸಿ ಕಟ್ತಾನ. ಸುತ್ತಮುತ್ತ ಅವನ ಕೈಯಂಥಾ ಕೈ ಇಲ್ಲ.”

ಬಾಗಿಲಲ್ಲಿ ನಿಂತ ಮಾಳಮ್ಮನ ಕಿವಿಗೆ ಬೇರೆ ಏನೂ ಬೀಳಲಿಲ್ಲ. ಕೂದಲು, ಅಂಟವಾಳದಿಂದ ತೊಳೆದದ್ದು, ಇಷ್ಟೇ ಬಿತ್ತು.

ಮರುದಿನ ಬೆಳಿಗ್ಗೆ ರಾಯರು ಸ್ನಾನ ಸಂಧ್ಯಾವಂದನೆಗೆಂದು ಬಾವಿಯ ಕಡೆ ಹೋದರು. ಪಿಟೀಲಿನ ಪೆಟ್ಟಿಗೆ ತೆರೆದೇ ಇತ್ತು. ಮಾಳಮ್ಮ ಕಸ ಹೊಡೆಯುತ್ತಾ ಹತ್ತಿರ ಬಂದು ಬಗ್ಗಿ ನೋಡಿದಳು. ನಿನ್ನೆ ಅಷ್ಟು ಚೆಂದ ನುಡಿಸಿದ ಆ ಕೂದಲು ಒಣಗಿ ಕಡ್ಡಿಯಾಗಿತ್ತು. ಮೇಲೆ ಬಿಳಿ ಬಿಳಿ ಪುಡಿ. ಅದು ಕಮಾನು ತಂತಿಯ ಮೇಲೆ ಜಾರದಿರಲೆಂದೇ ತಿಕ್ಕಿದ ರಾಳದ ಪುಡಿ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅವಳಿಗೆ ಕಂಡದ್ದು ತಲೆಯ ಹೊಟ್ಟು. ತಲೆ ತೊಳೆದು ಎಣ್ಣೆ ಹಚ್ಚದೆ ಬಿಟ್ಟಿದ್ದಾರೆ, ಗಂಡಸರ ಕೆಲಸವೇ ಇಷ್ಟು ಎಂದುಕೊಂಡಳು. ಸೆರಗಿನ ತುದಿ ಒದ್ದೆ ಮಾಡಿ ಪುಡಿ ಒರೆಸಿದಳು. ಸೊಂಟದ ಚೀಲದಲ್ಲಿದ್ದ ಹಿತ್ತಾಳೆ ಬಟ್ಟಲಿನಲ್ಲಿ ಬೆರಳದ್ದಿ, ಕೂಸಿನ ನೆತ್ತಿಗೆ ಒತ್ತುವಷ್ಟೇ ಮೆತ್ತಗೆ, ಬುಡದಿಂದ ತುದಿಯ ತನಕ ಎಣ್ಣೆ ಸವರಿದಳು. ಕೂದಲು ಮಿರಿಮಿರಿ ಮಿಂಚಿತು. “ಈಗ ನೋಡು, ಮದಿಮಗಳ ಹಂಗ ಕಾಣಾಕತ್ತೀದಿ,” ಎಂದು ಕಮಾನಿಗೆ ಹೇಳಿ ತೃಪ್ತಿಯಿಂದ ಕಸ ಮುಂದುವರಿಸಿದಳು. ಪ್ರೀತಿಯಿಂದ ಮಾಡಿದ ಕೆಲಸ ನೋಡಿ. ದ್ವೇಷದಿಂದ ಮಾಡಿದ್ದರೂ ಅಷ್ಟು ಚೊಕ್ಕವಾಗಿ ಹಾಳಾಗುತ್ತಿರಲಿಲ್ಲ.

ಇಳಿಹೊತ್ತಿಗೆ ಚರ್ಚು ತುಂಬಿತು. ಕಲಬುರಗಿಯಿಂದ ಕಚೇರಿಯ ಅಧಿಕಾರಿಗಳು, ಶೇರವಾನಿಯ ಜಾಗೀರದಾರರು, ಬೈಠಕ್ಕಿನ ರಸಿಕರು ಬಂದಿದ್ದರು. ಊರಿನಿಂದ ಕಾಶಿರಾಯ ಗೌಡರ ಮನೆಮಂದಿಯೆಲ್ಲ ಬಂದಿತ್ತು, ದಿನ ತುಂಬಿದ ಸೊಸೆಯೂ ಕೂಡ. ಆ ಸೊಸೆಯ ಬಾಣಂತನ ಮಾಳಮ್ಮನಿಗೇ ಎಂದು ಆಗಲೇ ಮಾತಾಗಿತ್ತು. ರಾಯರು ಜಮಖಾನದ ಮೇಲೆ ಕೂತು ತಂತಿ ಸರಿಪಡಿಸಿಕೊಂಡು, ಕಣ್ಣು ಮುಚ್ಚಿ, ಕಮಾನು ಎಳೆದರು.

ದನಿ ಬರಲಿಲ್ಲ.

ಮತ್ತೆ ಎಳೆದರು. ಕಮಾನು ತಂತಿಯ ಮೇಲೆ ಜಾರಿಹೋಯಿತು. ರಾಯರು ರಾಳದ ಗಟ್ಟಿ ತೆಗೆದು ತಿಕ್ಕಿದರು. ಎಣ್ಣೆಗೆ ರಾಳ ಕೂಡಿ ಅಂಟಾಯಿತು. ಈ ಸಲ ಎಳೆದಾಗ ಬಾಲ ತುಳಿಸಿಕೊಂಡ ಬೆಕ್ಕು ಕಿರುಚಿದ ಹಾಗೆ ಒಂದು ಶಬ್ದ ಬಂತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. “ಅದಕ್ಕ ಹೇಳೋದು, ಹಾಡವರ ಹಿಂದ ಕುಂದರ್ಬೇಕು ಅಂತ,” ಎಂದು ಕಲಬುರಗಿಯ ರಸಿಕನೊಬ್ಬ ಎಲ್ಲರಿಗೂ ಕೇಳುವಂತೆ ಅಂದ. ರಾಯರು ಬೆರಳಿಂದ ತಂತಿ ಮೀಟಿ ಸ್ವಲ್ಪ ಹೊತ್ತು ಏನೋ ಪ್ರಯತ್ನ ಮಾಡಿದರು. ಕೊನೆಗೆ ಪಿಟೀಲನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಕಮಾನಿನ ಕೂದಲನ್ನು ಬೆರಳ ನಡುವೆ ಹಿಡಿದು ತಿಕ್ಕಿ ನೋಡಿದರು.

“ಜಿಡ್ಡು,” ಅಂದರು. “ಬಾಲ ತೊಳೀಲಾರದ ಕಟ್ಯಾನ ಬದ್ಮಾಶ್. ಬಿಸಲಿಗಿ ಒಳಗಿನ ಜಿಡ್ಡೆಲ್ಲಾ ಬಿಟ್ಟದ. ಚಾಂದಪಾಶಾ, ನನ್ನ ಮಾನಾ ಕಳದಿ.”

ಬಾಗಿಲಲ್ಲಿದ್ದ ಮಾಳಮ್ಮನಿಗೆ ಆಗ ತಿಳಿಯಿತು. ಜಿಡ್ಡು ಅನ್ನುವ ಮಾತು ಕೇಳಿದೊಡನೆ ಅವಳ ಎರಡೂ ಕೈ ತಾವಾಗಿಯೇ ಸೆರಗಿನೊಳಗೆ ಹೋದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ‘ಅಲ್ಲರೀ, ನಾನ ಹಚ್ಚೀನಿ’ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಕಾಶಿರಾಯ ಗೌಡರ ಹೆಂಡತಿ ಪಕ್ಕದವಳಿಗೆ, “ಯಾರ ಕೈ ಹತ್ತೇದೋ ಏನೋ ಯವ್ವಾ. ಕೆಟ್ಟ ಕೈಗುಣ ಬಿದ್ರ ಹಿಂಗ ದನಿ ಅಡಗತದ,” ಅಂದಳು, ಅಂದು ಸೊಸೆಯ ಹೊಟ್ಟೆಯ ಮೇಲೆ ಸೆರಗು ಸರಿಮಾಡಿದಳು.

ಮಾಳಮ್ಮ ತೆರೆದ ಬಾಯಿ ಮುಚ್ಚಿದಳು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಗಾದೆ. ಇಲ್ಲಿ ಎತ್ತೇ ನಿಂತು ಎಮ್ಮೆಗೆ ಬರೆ ಹಾಕುವುದನ್ನು ನೋಡಿತು. ಅವನ್ಯಾರೋ ರೋಜಾದ ಸಾಬ, ಕಂಡವನಲ್ಲ, ಉಂಡವನಲ್ಲ, ಎರಡು ದಿನ ಬೈಸಿಕೊಂಡರೆ ಏನಾದೀತು, ರಾಯರ ಸಿಟ್ಟು ತಾನೇ ಇಳಿಯುತ್ತದೆ ಎಂದು ಮಾಳಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ಮನೆ ಮುಟ್ಟುವ ತನಕವೂ ಬಾಳಿಕೆ ಬರಲಿಲ್ಲ. ರೊಟ್ಟಿ ಮುರಿದರೆ ಬೆರಳಿಂದ ಕುಸುಬಿ ಎಣ್ಣೆಯ ವಾಸನೆ. ಇಷ್ಟು ವರ್ಷ ಅವಳಿಗೆ ಆ ವಾಸನೆ ಬಂದದ್ದೇ ಗೊತ್ತಿರಲಿಲ್ಲ.

ಗೌಡರ ಸೊಸೆ ಹೆತ್ತಳು. ಗಂಡುಕೂಸು. ಮಾಳಮ್ಮ ಕಾಲು ಚಾಚಿ ಕೂತು ಕೂಸನ್ನು ಹಾಕಿಕೊಂಡು ಎಣ್ಣೆ ಮುಟ್ಟಿಸಿದಳು. ಕೂಸು ಕಿಟಾರನೆ ಅತ್ತಿತು. ಎರೆದರೂ ಅತ್ತಿತು, ಒರೆಸಿದರೂ ಅತ್ತಿತು. ಎಷ್ಟೋ ಕೂಸುಗಳು ಅಳುತ್ತವೆ, ಅದರಲ್ಲೇನು? ಗೌಡಸಾನಿ ಅದಕ್ಕೆ ಹೊಟ್ಟೆನೋವು ಇರಬೇಕೆಂದು ಓಮಿನಕಾಳು ಕುದಿಸಲು ಹೋದಳು. ಆದರೆ ಮಾಳಮ್ಮನಿಗೆ ಗೊತ್ತಿತ್ತು, ಅವಳ ಕೈ ಅಳುಕುತ್ತಿದೆ ಎಂದು. ಅಳುಕುವ ಕೈಯನ್ನು ಯಾವ ಕೂಸು ನಂಬೀತು? ಹೆಸರು ಉಳಿಯಿತು, ಕೈಗುಣ ಹೋಯಿತು ಎಂದು ಅವಳಿಗೆ ಅವತ್ತೇ ಅನ್ನಿಸಿತು.

ಕಮಲಾಪುರದ ಕೆಂಪು ಬಾಳೆಹಣ್ಣನ್ನು ಗಾಡಿಗೆ ಹೇರಿಕೊಂಡು ಕಲಬುರಗಿಗೆ ಹೋಗಿಬರುವ ದೌಲಪ್ಪ ಊರಿನ ಸುದ್ದಿಗಾರ. ಮಾಳಮ್ಮ ಅವನನ್ನು ಕೇಳಲೂ ಆಗದೆ ಬಿಡಲೂ ಆಗದೆ ಎಷ್ಟೋ ದಿನ ಗಾಡಿಯ ಸುತ್ತ ಸುಳಿದಳು. ಕೊನೆಗೆ ಕೇಳಿದಳು. “ರೋಜಾದಾಗ ಕಮಾನಿಗಿ ಕೂದಲಾ ಕಟ್ಟಾವ ಒಬ್ಬ ಅದಾನಲ್ಲ, ಅವ ಹ್ಯಾಂಗ ಅದಾನ?”

“ಯಾರು, ಚಾಂದಪಾಶಾನಾ?” ಅಂದ ದೌಲಪ್ಪ. “ಅವನ ಕತಿ ಮುಗೀತು ತಗೋ. ರಾಯರು ಎಲ್ಲಾ ಬೈಠಕ್ಕಿನ್ಯಾಗ ಹೇಳ್ಕೋತ ಹೋದ್ರು. ಅಂಗಡಿ ಬಾಗಲಾ ಹಾಕ್ಯಾನ. ಟಾಂಗಾ ಕುದುರಿಗಿ ಮೈ ತಿಕ್ಕಿಕೋತ ಕುಂತಾನ.”

ರೋಜಾದ ದರ್ಗಾದಲ್ಲಿ ಮುಂದಿನ ಉರುಸಿನ ಜಾತ್ರೆಗೆ ಮಾಳಮ್ಮ ಬಾಳೆಗೊನೆಗಳ ಜೊತೆ ತಾನೂ ಗಾಡಿ ಹತ್ತಿದಳು.

ಉರುಸಿನ ರೋಜಾ ಅಂದರೆ ಕಾಲಿಡಲು ತೆರಪಿಲ್ಲ. ಹೂವಿನ ಚಾದರ ಹೊತ್ತವರು, ಹರಕೆಯವರು, ಮಿಠಾಯಿ ಅಂಗಡಿಗಳು. ಹಿಂದೂ ಮುಸಲ್ಮಾನ ಎನ್ನದೆ ಎಲ್ಲರೂ ದರ್ಗಾದ ಕಡೆ ಮುಖ ಮಾಡಿದ್ದರೆ ಮಾಳಮ್ಮ ಟಾಂಗಾ ನಿಲ್ಲುವ ಜಾಗದ ಕಡೆ ನಡೆದಳು. ಗಡ್ಡ ನರೆಯತೊಡಗಿದ್ದ ಮನುಷ್ಯನೊಬ್ಬ ಕುದುರೆಯ ಬಾಲವನ್ನು ಬಾಚುತ್ತಿದ್ದ. ಬಾಚುವ ರೀತಿಯಲ್ಲೇ ಅವನ್ಯಾರೆಂದು ಗೊತ್ತಾಯಿತು. ಟಾಂಗಾ ಕುದುರೆಗೆ ಯಾರೂ ಅಷ್ಟು ಒಪ್ಪವಾಗಿ ಬಾಚುವುದಿಲ್ಲ.

“ಪಾಶಾಭಾಯಿ ನೀವ ಏನ್ರೀ?”

“ಹಾಂ ಯಕ್ಕಾ. ಟಾಂಗಾ ಬೇಕಾ?” ಎಂದ ಅವನು ತಲೆಯೆತ್ತದೆ.

“ಟಾಂಗಾ ಬ್ಯಾಡ್ರೀ. ನಾ ಕಮಲಾಪುರದಾಕಿ. ಪಾದ್ರಿಗುಡ್ಯಾಗ ಕಸಾ ಹೊಡಿಯಾಕಿ.” ಅವನ ಕೈಯ ಬಾಚಣಿಗೆ ನಿಂತಿತು. ಮಾಳಮ್ಮ ನಿಲ್ಲಿಸಿದರೆ ಮತ್ತೆ ಶುರುಮಾಡಲಾಗದು ಎಂದು ಒಂದೇ ಉಸಿರಿಗೆ ಹೇಳಿದಳು. “ನೀವು ಛಂದ ತೊಳದ ಕಟ್ಟಿದ್ರಿ. ಮುಂಜಾನಿ ನಾ ನೋಡಿದೆ. ಒಣಾ ಕೂದಲಾ ಅಂತ ಎಣ್ಣಿ ಹಚ್ಚಿದೆ. ಜಿಡ್ಡು ನಂದು. ನಿಮ್ಮ ತಪ್ಪಿಲ್ಲ.”

ಚಾಂದಪಾಶಾ ಕುದುರೆಯ ಕಾಲ ಹತ್ತಿರವೇ ನೆಲಕ್ಕೆ ಕೂತ. ಬೈಯುತ್ತಾನೆ, ಮಂದಿ ಕೂಡಿಸುತ್ತಾನೆ ಎಂದು ಮಾಳಮ್ಮ ಕಾದಳು. ಅವನು ಮೆಲ್ಲಗೆ ಕೇಳಿದ. “ಹಂಗಾರ ನಾ ತೊಳದಿದ್ದೆನಾ?”

“ತೊಳದಿದ್ರಿ ಅಣ್ಣಾ.”

“ಇನ್ನೊಮ್ಮಿ ಹೇಳು.”

“ತೊಳದಿದ್ರಿ.”

ಅವನು ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. “ಆ ಕೂದಲಾ ಕಟ್ಟಿದ ದಿನ ನಮಾಜಿನ ಹೊತ್ತಾಗಿತ್ತು, ಜಲ್ದಿ ಇತ್ತು. ರಾಯರು ಬಂದು ಕೇಳಿದಾಗ, ತೊಳದೀನಿ ಅಂತ ಎಲ್ಲಾರ ಮುಂದ ಆಣಿ ಮಾಡಿ ಕಸಂ ತಿಂದೆ. ಅವರು ನಂಬಲಿಲ್ಲ. ಆಮ್ಯಾಲ ಒಬ್ಬನ ಕುಂತಾಗ ನನಗೂ ನಂಬಿಕಿ ಹೋಯ್ತು. ಮರತೆ ಏನೋ, ದರ್ಗಾದ ನೆರಳಾಗ ನಿಂತು ಸುಳ್ಳ ಕಸಂ ತಿಂದೆ ಏನೋ ಅಂತ. ಅಂಗಡಿ ಮಂದಿ ಮುಚ್ಚಿಸಿಲ್ಲ ಯಕ್ಕಾ. ಗಿರಾಕಿ ಇನ್ನಾ ಬರ್ತಿದ್ರು. ನಾನ ಮುಚ್ಚೀನಿ. ಈ ಕೈ ಮ್ಯಾಲ ಭರೋಸಾ ಉಳೀಲಿಲ್ಲ.”

ಅವನ ಹೆಸರು ಕೆಟ್ಟಿದೆ, ಹೇಳಿದರೆ ಸರಿಹೋಗುತ್ತದೆ ಎಂದು ಮಾಳಮ್ಮ ಲೆಕ್ಕ ಹಾಕಿ ಬಂದಿದ್ದಳು. ತನ್ನ ಕೈಗುಣ ಉಳಿಸಿಕೊಳ್ಳಲು ಅವನ ಕೈಗುಣವನ್ನೇ ಕಿತ್ತುಕೊಂಡಿದ್ದೇನೆ, ಅದೂ ಅವನ ಮನಸ್ಸಿನೊಳಗಿನಿಂದ, ಅನ್ನುವುದು ಅವಳ ಲೆಕ್ಕದಲ್ಲಿ ಇರಲಿಲ್ಲ.

“ನಿನಗ ಯಾವಾಗ ತಿಳೀತು?” ಎಂದು ಚಾಂದಪಾಶಾ ಕೇಳಿದ.

ಸುಳ್ಳು ಹೇಳಬಹುದಿತ್ತು. “ಅವತ್ತ ತಿಳೀತು. ಅಲ್ಲೇ ನಿಂತಾಗ,” ಅಂದಳು.

ಅವನು ಬಹಳ ಹೊತ್ತು ಕುದುರೆಯ ಬಾಲವನ್ನೇ ಬಾಚಿದ. ಆಮೇಲೆ ಎದ್ದು ಬಾಚಣಿಗೆ ಜೇಬಿಗೆ ಹಾಕಿಕೊಂಡು, “ನಡಿ, ರಾಯರ ಮನಿ ತೋರಸ್ತೀನಿ,” ಅಂದ.

ನರಸಿಂಗರಾಯರು ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿದರು. “ಮೊದಲ ಸಂಜಿಗಿ ಅದ ಕಮಾನು ಎಷ್ಟ ಛಂದ ನುಡದಿತ್ತು. ತೊಳೀಲಾರದ ಕೂದಲಾ ಹ್ಯಾಂಗ ನುಡೀತಿತ್ತು? ಅಷ್ಟು ವಿಚಾರ ನನ್ನ ತಲಿಗಿ ಹೋಗಲಿಲ್ಲ ನೋಡು,” ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಕಟ್ಟೆ ಇಳಿದು ಬಂದು ಚಾಂದಪಾಶಾನ ಎರಡೂ ಕೈ ಹಿಡಿದುಕೊಂಡರು. ಓಣಿಯ ಕಿಟಕಿಗಳಿಂದ ನೋಡುವವರು ನೋಡಿದರು.

ಮಳೆಗಾಲ ಮುಗಿದ ಮೇಲೆ ರಾಯರು ಮತ್ತೆ ಪಾದ್ರಿಗುಡಿಗೆ ಬಂದರು. ಜೊತೆಗೆ ಚಾಂದಪಾಶಾ. ಈ ಸಲ ಅವನು ಕೂದಲನ್ನು ಕಮಲಾಪುರದಲ್ಲೇ, ಚರ್ಚಿನ ಬಾವಿಯ ಹತ್ತಿರ ತೊಳೆದ. ತೊಳೆದು ಹಿಂಡಿ, ಮೂಸಿ ನೋಡಿ, ಮತ್ತೆ ತೊಳೆದ. ನೀರು ಸೇದಿ ಕೊಡುತ್ತಿದ್ದ ಮಾಳಮ್ಮನ ಕಡೆ ತಿರುಗಿ, “ತೊಳದೀನಲ್ಲ ಯಕ್ಕಾ? ನೀ ನೋಡಿದಿಯಲ್ಲ?” ಎಂದು ಕೇಳಿದ.

“ನೋಡೀನಿ ಅಣ್ಣಾ. ತೊಳದೀರಿ.”

ಕೂದಲು ನೆರಳಿಗೆ ಹಾಕಿದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಅದನ್ನೇ ಕೇಳಿದ. ಕಟ್ಟುವಾಗ ಇನ್ನೊಮ್ಮೆ. ಸತ್ಯ ಹೇಳಿಬಿಟ್ಟರೆ ಎಲ್ಲ ಮೊದಲಿನಂತಾಗುತ್ತದೆ ಅನ್ನುವವರು ತಡಮಾಡಿ ಸತ್ಯ ಹೇಳಿ ನೋಡಿರಲಿಕ್ಕಿಲ್ಲ.

ಮಂದಿ ಕೂಡಿದ ಮೇಲೆ, ರಾಯರು ಕಮಾನು ಎತ್ತುವ ಮೊದಲು, ಮಾಳಮ್ಮ ಬಾಗಿಲು ಬಿಟ್ಟು ಒಳಗೆ ಬಂದಳು. ಬೇಡ ಎಂದು ಪಾದ್ರಿಗಳು ಮೊದಲೇ ಹೇಳಿದ್ದರು. ಅವಳು ಕೇಳಲಿಲ್ಲ. “ಹ್ವಾದ ಸಲ ಈ ಫಿಡ್ಲ ಸುಮ್ಮನಾಗಿದ್ದು ನನ್ನ ಕೈಲಿಂದ್ರೀ. ಪಾಶಾಭಾಯಿ ಕೈ ಛಲೋನ ಇತ್ತು. ನನಗ ಗೊತ್ತಿದ್ದೂ ಹೇಳಲಿಲ್ಲ,” ಅಂದಳು. ಕಾಶಿರಾಯ ಗೌಡರ ಹೆಂಡತಿ ಮೊಮ್ಮಗನನ್ನು ಎದೆಗೆ ಎಳೆದುಕೊಂಡಳು. ಮಾಳಮ್ಮ ಅದನ್ನು ನೋಡಿದಳು. ನೋಡಿ, ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕೂತಳು.

ರಾಯರು ನುಡಿಸಿದರು. ಹಾಡುವವರಿಲ್ಲ, ತಬಲಾ ಇಲ್ಲ, ಒಂದೇ ಪಿಟೀಲು. ಬೇಸಿಗೆಯಲ್ಲಿ ನಕ್ಕವನೇ ಈಗ ವಾಹ್ ವಾಹ್ ಎಂದ. ಕಲ್ಲುಗೋಡೆ ಆ ಮೊದಲ ಸಂಜೆಯಂತೆಯೇ ದನಿಗೂಡಿಸಿತು. ಊರು ಆಮೇಲೆ ಎಷ್ಟೋ ವರ್ಷ ಅದನ್ನೇ ಮಾತಾಡಿತು. ಆದರೆ ಮಾಳಮ್ಮ ರಾಯರನ್ನು ನೋಡಲಿಲ್ಲ. ಚಾಂದಪಾಶಾನನ್ನೇ ನೋಡುತ್ತಿದ್ದಳು. ಅವನ ಕಣ್ಣು ಕಮಾನಿನ ಮೇಲೆ, ತುಟಿ ಏನೋ ಜಪಿಸುತ್ತಿತ್ತು. ಮೊದಲ ಸ್ವರ ಬಂದ ಮೇಲೂ, ಜನ ತಲೆದೂಗಿದ ಮೇಲೂ, ಅದು ನಿಲ್ಲಲಿಲ್ಲ.

ಗೌಡರ ಮನೆ ಮತ್ತೆ ಕರೆಯಲಿಲ್ಲ. ಇನ್ನೂ ಕೆಲವರು ಬಿಟ್ಟರು. ಎಲ್ಲರೂ ಬಿಡಲಿಲ್ಲ. ಬಿಟ್ಟವರ ಮೇಲೆ ಮಾಳಮ್ಮನಿಗೆ ಸಿಟ್ಟಿರಲಿಲ್ಲ. ಅದು ತನಗೆ ಬರಬೇಕಾದದ್ದೇ ಎಂದುಕೊಂಡಳು.

ಚಾಂದಪಾಶಾ ಅಂಗಡಿ ತೆರೆದ. ಗಿರಾಕಿಗಳು ಬಂದರು. ಆದರೆ ಅವನಿಗೆ ಒಂದು ರೂಢಿ ಬಿತ್ತು. ಕಮಾನಿಗೆ ಕಟ್ಟುವ ಕೂದಲನ್ನು ತೊಳೆದು ಒಣಗಿಸಿ, ಕಟ್ಟುವ ಮೊದಲು ಬಟ್ಟೆಯಲ್ಲಿ ಸುತ್ತಿ ದೌಲಪ್ಪನ ಗಾಡಿಯಲ್ಲಿ ಕಮಲಾಪುರಕ್ಕೆ ಕಳಿಸುತ್ತಿದ್ದ. ಮಾಳಮ್ಮ ಮುಟ್ಟಿ, ಮೂಸಿ, “ತೊಳದಾರ ಅಂತ ಹೇಳು” ಎಂದು ತಿರುಗಿ ಕಳಿಸಬೇಕು. ಅಷ್ಟಾದ ಮೇಲೇ ಅವನು ಕಟ್ಟುವುದು. ಇಂಥ ಹುಚ್ಚಾಟ ಎಲ್ಲೂ ಕಂಡಿಲ್ಲ ಎಂದು ದೌಲಪ್ಪ ಗೊಣಗುತ್ತಿದ್ದ. ಗೊಣಗುತ್ತಲೇ ತರುತ್ತಿದ್ದ. ವರ್ಷಗಳು ಹೋದವು, ಮೂವರೂ ಮುದುಕರಾದರು.

ಒಂದು ಬೇಸಿಗೆಯಲ್ಲಿ ದೌಲಪ್ಪ ಗಂಟು ತಂದು ಕೊಟ್ಟ. “ಪಾಶಾಭಾಯಿಗಿ ಈಗೀಗ ಕಣ್ಣು ಕಾಣಂಗಿಲ್ಲ. ಹೇಳಿದ್ದು ನೆಪ್ಪಿರಂಗಿಲ್ಲ. ಕೂದಲಾ ಮಾತ್ರ ಕೊಡೂದು ಬಿಟ್ಟಿಲ್ಲ,” ಅಂದ. ಮಾಳಮ್ಮ ಗಂಟು ಬಿಚ್ಚಿ ಮೂಗಿಗೆ ಹಿಡಿದಳು. ಲಾಯದ ವಾಸನೆ, ಕುದುರೆಯ ಬೆವರು. ಬೆರಳ ನಡುವೆ ತಿಕ್ಕಿದಳು. ಜಿಡ್ಡು.

ಈ ಸಲ ಅವನು ನಿಜಕ್ಕೂ ತೊಳೆದಿರಲಿಲ್ಲ.

“ಏನಂತ ಹೇಳ್ಲಿ?” ಎಂದು ದೌಲಪ್ಪ ಕೇಳಿದ.

“ಗಾಡಿ ನಾಳಿಗಿ ಹೊಂಟದಲ್ಲ? ಅಲ್ಲಿತನಕ ನನ್ನ ಹತ್ರ ಇರಲಿ,” ಅಂದಳು ಮಾಳಮ್ಮ.

ಮೊದಲು ತನ್ನ ಕೈಗಳನ್ನು ಬೂದಿ ಹಚ್ಚಿ, ಎಣ್ಣೆಯ ಸುಳಿವೂ ಉಳಿಯದ ಹಾಗೆ ಉಜ್ಜಿಕೊಂಡಳು. ಅಂಟವಾಳ ನೆನೆಹಾಕಿದಳು. ಬಾವಿಯ ಹತ್ತಿರ ಕೂತು, ನೀರು ತಿಳಿಯಾಗುವ ತನಕ ಆ ಕೂದಲನ್ನು ತೊಳೆದಳು. ಚರ್ಚಿನ ನೆರಳಲ್ಲಿ ಒಣಗಿಸಿ, ಅದೇ ಬಟ್ಟೆಯಲ್ಲಿ ಸುತ್ತಿ, ಅವನು ಕಟ್ಟಿದ ಹಾಗೇ ಗಂಟು ಕಟ್ಟಿ ಬೆಳಿಗ್ಗೆ ದೌಲಪ್ಪನ ಕೈಗೆ ಕೊಟ್ಟಳು.

“ತೊಳದಾರ ಅಂತ ಹೇಳು,” ಅಂದಳು. “ಎಂದಿನಂಗ ಛಂದ ತೊಳದಾರ, ಮಾಳಮ್ಮ ನೋಡ್ಯಾಳ ಅಂತ ಹೇಳು.”